ಎಲ್ಲ ದೇಶಗಳಿಗೂ ಒಂದೇ ಪರೀಕ್ಷೆ

ಪರೀಕ್ಷೆಗೂ ಊರಿಗೂ ಬಿಡಿಸಲಾಗದ ನಂಟು. ಕರ್ನಾಟಕದ ಪದವಿಪೂರ್ವ ಪರೀಕ್ಷೆಯಲ್ಲಿ ತೇರ್ಗಡೆಯಾದವನು ನೆರೆಯ ರಾಜ್ಯದ ಕಾಲೇಜೊಂದನ್ನು ಸೇರಹೊರಟರೆ, ಅಲ್ಲಿಯ ಕಚೇರಿಯವರು ಅವನ ಅಂಕಪಟ್ಟಿಯನ್ನು ಹಿಂದುಮುಂದು ತಿರುಗಿಸಿ ನೋಡಿ, ಅರ್ಹತಾಪತ್ರವನ್ನು ತಾ ಎನ್ನುವುದುಂಟು. ಒಂದೇ ದೇಶದೊಳಗೆ ಈ ಪಾಡಾದರೆ, ಈ ವರ್ಷ ಜಿನೀವಾದಲ್ಲಿ, ಬರುವ ವರ್ಷ ನೈರೋಬಿಯಲ್ಲಿ, ಅದರಾಚೆಯ ವರ್ಷ ನ್ಯೂಯಾರ್ಕಿನಲ್ಲಿ ಓದಬೇಕಾದ ಹುಡುಗನ ಗತಿಯೇನು? ಅಂಥ ಹುಡುಗನ ತೊಂದರೆಯಿಂದ ಹುಟ್ಟಿದ ಪರೀಕ್ಷೆಯೊಂದು ಇಂದು 150ಕ್ಕೂ ಹೆಚ್ಚು ದೇಶಗಳ 5,000ಕ್ಕೂ ಮೀರಿದ ಶಾಲೆಗಳನ್ನು ಒಳಗೊಂಡ ದೊಡ್ಡ ವ್ಯವಸ್ಥೆಯಾಗಿ ಬೆಳೆದಿದೆ.

ಅದರ ಹೆಸರು ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್, ಚಿಕ್ಕದಾಗಿ ಐ.ಬಿ. ನಮ್ಮ ಕಡೆ ಐ.ಬಿ. ಎಂದರೆ ಸಾಹೇಬರು ಬಂದಾಗ ಇಳಿದುಕೊಳ್ಳುವ ಸರಕಾರಿ ಬಂಗಲೆ. ಬೆಂಗಳೂರಿನ ಹೊರವಲಯದಲ್ಲಿ ಅದೇ ಎರಡಕ್ಷರಗಳನ್ನು ಫಲಕದ ಮೇಲೆ ಹೊತ್ತ ಶಾಲೆಗಳಿವೆ. ಅವುಗಳ ಶುಲ್ಕ ಲಕ್ಷಗಳ ಲೆಕ್ಕದ್ದು. ಆದಕಾರಣ, ಇದು ಧನಿಕರ ಮಕ್ಕಳ ವಿಷಯ, ನಮಗೇಕೆ ಎಂದು ವಾಚಕರು ಪುಟ ಮಗುಚಬಹುದು. ಮಗುಚಬಾರದೆಂದು ನನ್ನ ಬಿನ್ನಹ. ಆ ಶುಲ್ಕ ಹೇಗೆ ಬಂತು, ಆ ಶಿಕ್ಷಣದಲ್ಲಿ ಶುಲ್ಕವಿಲ್ಲದವರಿಗೂ ದೊರೆಯಬಹುದಾದುದು ಏನಾದರೂ ಇದೆಯೆ ಎಂಬುದೇ ಈ ಲೇಖನದ ವಿಚಾರ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ರಾಷ್ಟ್ರಸಂಘವೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ನೆಲೆಗೊಂಡವು. ಹಲವು ದೇಶಗಳ ಅಧಿಕಾರಿಗಳು ಸಂಸಾರಸಮೇತರಾಗಿ ಅಲ್ಲಿಗೆ ಬಂದರು. ಅವರ ಮಕ್ಕಳಿಗಾಗಿ 1924ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಶಾಲೆ ಪ್ರಾರಂಭವಾಯಿತು. ದೊಡ್ಡ ಸಮಾರಂಭವೇನೂ ಅಲ್ಲ. ಅಡಾಲ್ಫ್ ಫೆರಿಯೇರ್ ಎಂಬ ಸ್ವಿಸ್ ಶಿಕ್ಷಣವೇತ್ತನ ಮನೆಯ ಆವರಣದಲ್ಲಿ ಬೆರಳೆಣಿಕೆಯ ಮಕ್ಕಳು. ಮುಂದೆ ಆ ಶಾಲೆಯ ಮುಖ್ಯಸ್ಥೆಯಾದ ಮಾರಿ-ತೆರೆಸ್ ಮೋರೆತ್ ಎಂಬಾಕೆ 1948ರಲ್ಲಿ ಯುನೆಸ್ಕೋ ಸಂಸ್ಥೆಗಾಗಿ ಒಂದು ಕಿರುಹೊತ್ತಗೆಯನ್ನು ಬರೆದಳು. ಶಾಂತಿಗಾಗಿ ಶಿಕ್ಷಣ ಕೊಡುವ ವಿಧಾನಗಳು ನಿಜವಾಗಿ ಇವೆಯೆ ಎಂಬುದು ಅದರ ಪ್ರಶ್ನೆ. ಶಾಂತಿಯನ್ನು ಕುರಿತು ಉಪನ್ಯಾಸ ಮಾಡುವುದರಿಂದ ಶಾಂತಿ ಬರುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಮಗುವಿಗೆ ಭೂಗೋಳವನ್ನು ಕಲಿಸುವಾಗ ಸ್ವದೇಶದ ನಕ್ಷೆಯಿಂದಲ್ಲ, ಇಡೀ ಭೂಮಂಡಲದಿಂದ ಮೊದಲುಮಾಡಬೇಕೆಂಬಂಥ ಕೈಗೆ ಸಿಕ್ಕುವ ಉಪಾಯಗಳನ್ನು ಆಕೆ ಮುಂದಿಟ್ಟಳು. ನಾವು ನಮ್ಮ ಊರು, ನಮ್ಮ ತಾಲ್ಲೂಕು, ನಮ್ಮ ಜಿಲ್ಲೆ ಎಂದು ಒಳಗಿನಿಂದ ಹೊರಕ್ಕೆ ಕಲಿತವರು. ಎರಡರಲ್ಲಿ ಯಾವುದು ಮೇಲೆಂದು ನಾನು ತೀರ್ಪು ಹೇಳಲಾರೆ.

ಆದರೆ ಈ ಉದಾತ್ತ ವಿಚಾರಗಳೆಲ್ಲ ಶಾಲೆಯ ಕೊನೆಯ ಎರಡು ವರ್ಷಗಳ ಬಾಗಿಲಲ್ಲಿ ಬಂದು ನಿಂತುಬಿಡುತ್ತಿದ್ದವು. ಹದಿನಾರು ವರ್ಷದವರೆಗೆ ಒಂದೇ ಬೆಂಚಿನಲ್ಲಿ ಕುಳಿತು ಕಲಿತ ಮಕ್ಕಳು ಅಲ್ಲಿಂದ ಮುಂದೆ ಬೇರೆ ಬೇರೆ ಕೋಣೆಗಳಿಗೆ ಹಂಚಿಹೋಗಬೇಕಾಗುತ್ತಿತ್ತು. ಫ್ರಾನ್ಸಿನ ವಿಶ್ವವಿದ್ಯಾನಿಲಯ ಸೇರಬೇಕಾದವನಿಗೆ ಫ್ರೆಂಚರ ಪರೀಕ್ಷೆ; ಇಂಗ್ಲೆಂಡಿಗೆ ಹೋಗುವವನಿಗೆ ಇಂಗ್ಲಿಷರದು; ಅಮೆರಿಕೆಗೆ ಹೋಗುವವನಿಗೆ ಇನ್ನೊಂದು; ಸ್ವಿಸ್ ಹುಡುಗನಿಗೆ ಮತ್ತೊಂದು. ಒಂದೊಂದು ಕೋಣೆಯಲ್ಲಿ ನಾಲ್ಕಾರು ಮಂದಿ. ಖರ್ಚು ಹೆಚ್ಚು, ಅದಕ್ಕಿಂತ ಹೆಚ್ಚಾಗಿ, ಅಂತರರಾಷ್ಟ್ರೀಯವೆಂದು ಹೆಸರಿಟ್ಟುಕೊಂಡ ಶಾಲೆ ತನ್ನ ದೊಡ್ಡ ಮಕ್ಕಳನ್ನು ರಾಷ್ಟ್ರಗಳ ಲೆಕ್ಕದಲ್ಲಿಯೇ ವಿಂಗಡಿಸಬೇಕಾದ ವಿಪರ್ಯಾಸ.

ಇದಕ್ಕೆ ಪರಿಹಾರ ಹುಡುಕಿದವರು ಮಂತ್ರಿಗಳಲ್ಲ, ಅಧ್ಯಾಪಕರು. 1962ರಲ್ಲಿ ಸಮಾಜವಿಜ್ಞಾನ ಬೋಧಿಸುವ ಅಧ್ಯಾಪಕರ ಒಂದು ಸಮ್ಮೇಳನ ಜಿನೀವಾದಲ್ಲಿ ಸೇರಿತು. ಎಲ್ಲ ದೇಶಗಳ ಮಕ್ಕಳೂ ಒಟ್ಟಿಗೆ ಓದಿ ಬರೆಯಬಹುದಾದ ಸಮಕಾಲೀನ ಇತಿಹಾಸದ ಪಾಠಕ್ರಮವೊಂದನ್ನು ರಚಿಸುವುದರಿಂದ ಅವರ ಕೆಲಸ ಮೊದಲಾಯಿತು. ಗಣಿತವನ್ನು ಹಿಡಿದಿದ್ದರೆ ಸುಲಭವಾಗುತ್ತಿತ್ತಲ್ಲ, ಅತ್ಯಂತ ಜಗಳಗಂಟಿಯಾದ ಇತಿಹಾಸವನ್ನೇ ಏಕೆ ಹಿಡಿದರು ಎಂದು ನಾನು ಆಶ್ಚರ್ಯಪಟ್ಟಿದ್ದೇನೆ. 1857ರ ಘಟನೆಯನ್ನು ಒಬ್ಬರು ದಂಗೆಯೆಂದರೆ ಇನ್ನೊಬ್ಬರು ಸ್ವಾತಂತ್ರ್ಯಸಂಗ್ರಾಮವೆನ್ನುತ್ತಾರೆ. ಇಬ್ಬರ ಮಕ್ಕಳೂ ಒಂದೇ ಪ್ರಶ್ನೆಗೆ ಉತ್ತರ ಬರೆಯುವಂತೆ ಪ್ರಶ್ನೆಯನ್ನು ಹೇಗೆ ಕೇಳಬೇಕು? ಉತ್ತರಕ್ಕಿಂತ ಪ್ರಶ್ನೆಯ ರಚನೆ ಕಷ್ಟವೆಂಬುದು ಇಲ್ಲಿ ಮನದಟ್ಟಾಗುತ್ತದೆ. ಇತಿಹಾಸದಲ್ಲಿ ಸಾಧ್ಯವಾದರೆ ಉಳಿದ ವಿಷಯಗಳಲ್ಲಿ ಅಸಾಧ್ಯವೇನಲ್ಲ ಎಂಬುದೂ ಅಷ್ಟೇ ನಿಜ.

ತರುವಾಯ ಅಮೆರಿಕೆಯ ಎರಡು ದತ್ತಿಸಂಸ್ಥೆಗಳು, ಟ್ವೆಂಟಿಯತ್ ಸೆಂಚುರಿ ಫಂಡ್ ಮತ್ತು ಫೋರ್ಡ್ ಪ್ರತಿಷ್ಠಾನ, ಹಣ ಒದಗಿಸಿದವು. 1968ರಲ್ಲಿ ಸ್ವಿಸ್ ಕಾನೂನಿನಂತೆ ಜಿನೀವಾದಲ್ಲಿ ಸಂಸ್ಥೆ ವಿಧಿವತ್ತಾಗಿ ಸ್ಥಾಪಿತವಾಯಿತು. 1970ರಲ್ಲಿ ಮೊದಲ ಅಧಿಕೃತ ಪರೀಕ್ಷೆ ನಡೆಯಿತು. ಇಷ್ಟನ್ನು ಶೀಘ್ರವಾಗಿ ಹೇಳಿ ಮುಗಿಸುವುದು ಯುಕ್ತ. ಏಕೆಂದರೆ ಸಂಸ್ಥೆಯ ಕಾಗದಪತ್ರಗಳಿಗಿಂತ ಅದರ ಮೊದಲ ಮಹಾನಿರ್ದೇಶಕನ ಕತೆ ಹೆಚ್ಚು ಸ್ವಾರಸ್ಯವಾದುದು.

ಆತನ ಹೆಸರು ಅಲೆಕ್ ಪೀಟರ್ಸನ್. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಕ್ಷಣ ವಿಭಾಗದ ನಿರ್ದೇಶಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಗ್ನೇಯ ಏಷ್ಯದ ರಣರಂಗದಲ್ಲಿ ಶತ್ರುಸೈನಿಕರ ಮನೋಬಲವನ್ನು ಕುಗ್ಗಿಸುವ ಪ್ರಚಾರಯುದ್ಧದ ಅಧಿಕಾರಿಯಾಗಿದ್ದವನು. ಸುಳ್ಳನ್ನು ನಂಬಿಸುವುದು ಹೇಗೆಂದು ಬಲ್ಲವನೇ ಮುಂದೆ, ಕೇಳಿದ್ದನ್ನು ನಂಬುವ ಮೊದಲು ಪರೀಕ್ಷಿಸುವುದು ಹೇಗೆಂದು ಕಲಿಸುವ ಪಾಠಕ್ರಮಕ್ಕೆ ಮುಖ್ಯನಾದುದು ಕಾಕತಾಳೀಯವಿರಲಾರದೆಂದು ನನ್ನ ಊಹೆ. ಅವನ ಮುಖ್ಯ ಆಕ್ಷೇಪ ತನ್ನ ದೇಶದ ಪದ್ಧತಿಯ ಮೇಲೆಯೇ ಇತ್ತು. ಇಂಗ್ಲೆಂಡಿನಲ್ಲಿ ಹದಿನಾರು ತುಂಬಿದ ಹುಡುಗ ಮೂರೇ ಮೂರು ವಿಷಯಗಳನ್ನು ಆರಿಸಿಕೊಂಡು ಉಳಿದುವಕ್ಕೆ ಶರಣು ಹೊಡೆಯುತ್ತಿದ್ದ. ಕಲೆಯವನಿಗೆ ವಿಜ್ಞಾನ ತಿಳಿಯದು, ವಿಜ್ಞಾನದವನಿಗೆ ಕಾವ್ಯ ತಿಳಿಯದು. ಅತ್ತ ಫ್ರಾನ್ಸಿನಲ್ಲಿ ವಿಷಯಗಳು ಬಹಳ; ಆದರೆ ನೆನಪಿನ ಹೊರೆಯೂ ಬಹಳ. ಇವೆರಡರ ನಡುವೆ ಒಂದು ದಾರಿಯನ್ನು ಅವನೂ ಅವನ ಸಂಗಡಿಗರೂ ಹುಡುಕಿದರು.

ಆ ದಾರಿ ಹೀಗಿದೆ. ಎರಡು ವರ್ಷಗಳ ಓದು, ಆರು ವಿಷಯಗಳು. ಸ್ವಭಾಷೆಯ ಸಾಹಿತ್ಯ, ಒಂದು ಪರಭಾಷೆ, ಇತಿಹಾಸ ಅರ್ಥಶಾಸ್ತ್ರಗಳಂಥ ಒಂದು ಮಾನವಶಾಸ್ತ್ರ, ಒಂದು ವಿಜ್ಞಾನ, ಗಣಿತ, ಇವಲ್ಲದೆ ಒಂದು ಕಲೆ. ಕಲೆ ಬೇಡವಾದವನು ಅದರ ಬದಲು ಬೇರೊಂದು ವಿಷಯವನ್ನು ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ ಮೂರನ್ನು ಆಳವಾಗಿಯೂ ಮೂರನ್ನು ಹಗುರವಾಗಿಯೂ ಓದಬೇಕು. ಒಂದೊಂದಕ್ಕೆ ಏಳು ಅಂಕಗಳಂತೆ ನಲವತ್ತೆರಡು. ಅದರ ಮೇಲೆ ಮೂರು ಸೇರಿ ಒಟ್ಟು ನಲವತ್ತೈದು. ಡಿಪ್ಲೊಮಾ ದೊರೆಯಲು ಕಡಿಮೆಯೆಂದರೆ ಇಪ್ಪತ್ನಾಲ್ಕು ಬೇಕು.

ಆ ಮೇಲಿನ ಮೂರು ಅಂಕಗಳಲ್ಲಿಯೇ ಈ ಪದ್ಧತಿಯ ಜೀವಾಳವಿದೆ. ಅವು ಬರುವುದು ಎರಡು ಕೆಲಸಗಳಿಂದ. ಮೊದಲನೆಯದು ಒಂದು ದೀರ್ಘ ಪ್ರಬಂಧ. ವಿದ್ಯಾರ್ಥಿ ತನಗೆ ಬೇಕಾದ ವಿಷಯದಲ್ಲಿ ತಾನೇ ಒಂದು ಪ್ರಶ್ನೆಯನ್ನು ಹಾಕಿಕೊಂಡು, ಸಾಮಗ್ರಿಯನ್ನು ತಾನೇ ಅರಸಿ, 4,000 ಶಬ್ದಗಳಿಗೆ ಮೀರದಂತೆ ಬರೆಯಬೇಕು. ಪ್ರಶ್ನೆ ಅವನದು ಎಂಬುದನ್ನು ವಾಚಕರು ಗಮನಿಸಬೇಕು. ನಮ್ಮಲ್ಲಿ ಪ್ರಶ್ನೆ ಯಾವಾಗಲೂ ಬೇರೆಯವರದು. ಕಳೆದ ಐದು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಈ ಸಲ ಯಾವುದು ಬಂದೀತು, ಯಾವುದನ್ನು ಬಿಟ್ಟರೂ ನಡೆದೀತು ಎಂದು ಜ್ಯೋತಿಷಿಗಳಂತೆ ಲೆಕ್ಕ ಹಾಕುವುದರಲ್ಲಿ ನಮ್ಮ ಜಾಣತನ ಮುಗಿದುಹೋಗುತ್ತದೆ.

ಎರಡನೆಯದನ್ನು ಜ್ಞಾನಸಿದ್ಧಾಂತವೆಂದು ಕರೆಯಬಹುದು. ಇದು ಆರು ವಿಷಯಗಳ ಜೊತೆಗಿನ ಏಳನೆಯ ವಿಷಯವಲ್ಲ. ಆ ಆರನ್ನೂ ಕುರಿತು ಕೇಳುವ ಒಂದು ಪ್ರಶ್ನೆ: ಇದು ನಿನಗೆ ಹೇಗೆ ಗೊತ್ತು? ಇತಿಹಾಸಕಾರ ತನಗೆ ಗೊತ್ತೆಂದು ಹೇಳುವಾಗ ಏನನ್ನು ಆಧಾರವಾಗಿ ಕೊಡುತ್ತಾನೆ, ರಸಾಯನಶಾಸ್ತ್ರಜ್ಞ ಏನನ್ನು ಕೊಡುತ್ತಾನೆ, ಗಣಿತಜ್ಞನಿಗೆ ಆಧಾರದ ಬದಲು ಸಾಧನೆಯೇ ಏಕೆ ಸಾಕು? ನಮ್ಮ ಹಳೆಯ ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಪ್ರಮಾಣಗಳನ್ನು ಎಣಿಸಿ ಶತಮಾನಗಳ ಕಾಲ ವಾದಿಸಿದ ವಿಷಯವೇ ಇದು. ನ್ಯಾಯಶಾಸ್ತ್ರದ ನಾಡಿನಲ್ಲಿ ಹುಟ್ಟಿದ ನಾವು ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದರೆ ಉದ್ಧಟತನವೆನ್ನಿಸುತ್ತದೆ. ಜಿನೀವಾದವರು ಅದಕ್ಕೆ ಅಂಕ ಕೊಡುತ್ತಾರೆ.

ಇವೆರಡಲ್ಲದೆ ಅಂಕವಿಲ್ಲದ, ಆದರೆ ಬಿಡುವಂತಿಲ್ಲದ ಮೂರನೆಯದೊಂದಿದೆ: ಸೃಜನಕಾರ್ಯ, ಆಟಪಾಟ, ಸೇವೆ. ಇದರ ಹಿಂದೆ ಕರ್ಟ್ ಹಾನ್ ಎಂಬ ಜರ್ಮನ್ ಶಿಕ್ಷಣವೇತ್ತನ ಪ್ರಭಾವವಿದೆ. ಅವನ ಪ್ರೇರಣೆಯಿಂದ 1962ರಲ್ಲಿ ವೇಲ್ಸ್ ಪ್ರಾಂತದ ಸಮುದ್ರದಂಡೆಯ ಹಳೆಯ ಕೋಟೆಯೊಂದರಲ್ಲಿ ಅಟ್ಲಾಂಟಿಕ್ ಕಾಲೇಜು ತೆರೆಯಿತು. ಅಲ್ಲಿಯ ವಿದ್ಯಾರ್ಥಿಗಳಿಗೆ ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕವರನ್ನು ಕಾಪಾಡುವ ಕೆಲಸ ಪಾಠದಷ್ಟೇ ಮುಖ್ಯವಾಗಿತ್ತು. ಗಟ್ಟಿ ತಳಕ್ಕೆ ಗಾಳಿ ತುಂಬಿದ ಅಂಚು ಕಟ್ಟಿದ ರಕ್ಷಣಾ ದೋಣಿಗಳು ಇಂದು ಜಗತ್ತಿನ ಎಲ್ಲ ತೀರಗಳಲ್ಲಿ ಓಡುತ್ತವೆ. ಅದರ ಮೊದಲ ಮಾದರಿಗಳು ರೂಪುಗೊಂಡದ್ದು ಈ ಕಾಲೇಜಿನಲ್ಲಿ, ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಮಾಡಿದ ಪ್ರಯೋಗಗಳಿಂದ.

ಇನ್ನು ಹಣದ ವಿಚಾರ. ಯಾವ ಸರಕಾರಕ್ಕೂ ಸೇರದ ಪರೀಕ್ಷೆಗೆ ಯಾವ ಬೊಕ್ಕಸವೂ ಇಲ್ಲ. ದತ್ತಿಸಂಸ್ಥೆಗಳ ಹಣ ಮೊಳಕೆಗೆ ನೀರಾಯಿತು, ಗಿಡಕ್ಕೆ ಸಾಲಲಿಲ್ಲ. 1976ರಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ಕೆಲವು ಸರಕಾರಗಳ ಪ್ರತಿನಿಧಿಗಳು ಸೇರಿ ಕೈಲಾದ ನೆರವಿಗೆ ಮನಸ್ಸು ಮಾಡಿದರೂ, ಸಂಸ್ಥೆ ಬದುಕಿದ್ದು ಶಾಲೆಗಳು ಕೊಡುವ ವಾರ್ಷಿಕ ವಂತಿಗೆಯಿಂದ ಮತ್ತು ವಿದ್ಯಾರ್ಥಿಗಳ ಪರೀಕ್ಷಾಶುಲ್ಕದಿಂದ. ಶಾಲೆಗಳು ಅದನ್ನು ಹೆತ್ತವರಿಂದ ಪಡೆದವು. ಅಂದರೆ, ಯಾವ ಸ್ವಾತಂತ್ರ್ಯ ಅದನ್ನು ಒಂದು ರಾಷ್ಟ್ರದ ಪಕ್ಷಪಾತದಿಂದ ಕಾಪಾಡಿತೋ ಅದೇ ಸ್ವಾತಂತ್ರ್ಯ ಅದನ್ನು ದುಬಾರಿಯನ್ನಾಗಿಸಿತು. ಇದನ್ನು ಯಾರ ದುರಾಶೆಯೆಂದೂ ಹೇಳಲಾಗದು. ಆದರೆ ಪರಿಣಾಮವಂತೂ ಕಣ್ಣೆದುರಿಗಿದೆ.

ಪೂರ್ಣ ಚಿತ್ರ ಅಷ್ಟೇ ಅಲ್ಲ. ಜಗತ್ತಿನ ಐ.ಬಿ. ಶಾಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸರಕಾರದ ಹಣದಿಂದ ನಡೆಯುವುವೆಂದು ಆ ಸಂಸ್ಥೆಯೇ ಹೇಳಿದೆ. ಅವುಗಳಲ್ಲಿ ಬಹುಪಾಲು ಅಮೆರಿಕೆಯಲ್ಲಿವೆ. 1997ರಲ್ಲಿ ಷಿಕಾಗೋ ನಗರದ ಆಡಳಿತ ತನ್ನ ಸಾಧಾರಣ ಬಡಾವಣೆಗಳ ಹದಿಮೂರು ಸರಕಾರಿ ಪ್ರೌಢಶಾಲೆಗಳಲ್ಲಿ ಈ ಕಾರ್ಯಕ್ರಮವನ್ನು ತರುವ ನಿರ್ಧಾರ ಮಾಡಿತು. ಅಲ್ಲಿ ಓದುವವರು ಬಹುಮಟ್ಟಿಗೆ ಬಡ ಕರಿಯರ, ಲ್ಯಾಟಿನ್ ಅಮೆರಿಕದಿಂದ ಬಂದವರ ಮಕ್ಕಳು. ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ಎರಡು ವರ್ಷಗಳ ಕಾರ್ಯಕ್ರಮವನ್ನು ಓದಿದವರು ಅವರಂಥ ಇತರ ವಿದ್ಯಾರ್ಥಿಗಳಿಗಿಂತ ನಾಲ್ಕು ವರ್ಷದ ಪದವಿ ಕಾಲೇಜು ಸೇರುವ ಸಂಭವ ಶೇಕಡ 40ರಷ್ಟು ಹೆಚ್ಚಾಗಿತ್ತು. ಮನೆಯಲ್ಲಿ ಕಾಲೇಜಿನ ಸುದ್ದಿಯೇ ಇಲ್ಲದೆ ಬೆಳೆದವನಿಗೆ ಈ ಸಂಖ್ಯೆಯ ಅರ್ಥ ಬೇರೆಯವರಿಗಿಂತ ಬೇಗ ತಿಳಿಯುತ್ತದೆ. ನಾನೂ ಅಂಥವನೇ. ಬುದ್ಧಿ ಸಾಲದೆ ಹಿಂದುಳಿಯುವುದು ಒಂದು; ಏನು ಕೇಳಬೇಕು, ಯಾರನ್ನು ಕೇಳಬೇಕು ಎಂದು ತಿಳಿಯದೆ ಹಿಂದುಳಿಯುವುದು ಇನ್ನೊಂದು. ಪ್ರಶ್ನೆ ಕೇಳುವುದನ್ನೇ ಪಾಠ ಮಾಡಿದರೆ ಈ ಎರಡನೆಯ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಭಾರತದಲ್ಲಿ ಈ ಕಾರ್ಯಕ್ರಮ ಮೊದಲು ಕಾಲಿಟ್ಟದ್ದು 1976ರಲ್ಲಿ, ತಮಿಳುನಾಡಿನ ಕೊಡೈಕೆನಾಲಿನ ಅಂತರರಾಷ್ಟ್ರೀಯ ಶಾಲೆಯಲ್ಲಿ. 1901ರಲ್ಲಿ ಅಮೆರಿಕನ್ ಮಿಷನರಿಗಳ ಮಕ್ಕಳಿಗಾಗಿ ಹುಟ್ಟಿದ ಶಾಲೆ ಅದು. ನಂತರದ ದಶಕಗಳಲ್ಲಿ ಮುಂಬಯಿ, ಬೆಂಗಳೂರು, ಹೈದರಾಬಾದುಗಳಲ್ಲಿ ಇಂಥ ಶಾಲೆಗಳು ಹೆಚ್ಚಿದವು. ಸರಕಾರಿ ಶಾಲೆಗಳ ಕಡೆಗೂ ಅದು ಮುಖ ಮಾಡಿತು. 2021ರಲ್ಲಿ ದೆಹಲಿಯ ಸರಕಾರ ತಾನು ಹೊಸದಾಗಿ ರಚಿಸಿದ ಶಾಲಾ ಮಂಡಳಿಗಾಗಿ ಐ.ಬಿ. ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. 2024ರ ಜನವರಿಯಲ್ಲಿ ಆಂಧ್ರಪ್ರದೇಶವೂ ಅಂಥದೇ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ವರ್ಷದ ಚುನಾವಣೆಯಲ್ಲಿ ಸರಕಾರ ಬದಲಾಯಿತು, ಯೋಜನೆ ಬದಿಗೆ ಸರಿಯಿತು. ಚುನಾವಣೆಗೆ ಐದು ವರ್ಷದ ಆಯುಸ್ಸು, ಒಂದು ಮಗುವಿನ ಶಾಲೆಗೆ ಹನ್ನೆರಡು ವರ್ಷದ ಆಯುಸ್ಸು. ಇವೆರಡರ ಲೆಕ್ಕ ಎಂದೂ ಕೂಡಿಬರುವುದಿಲ್ಲ.

ಹಣಕ್ಕಿಂತ ಎತ್ತರವಾದ ಗೋಡೆ ಭಾಷೆಯದು. ಈ ಡಿಪ್ಲೊಮಾದ ಮುಖ್ಯ ಭಾಷೆಗಳು ಇಂಗ್ಲಿಷು, ಫ್ರೆಂಚು, ಸ್ಪ್ಯಾನಿಷು. ಸ್ವಭಾಷೆಯ ಸಾಹಿತ್ಯವನ್ನು ಮಾತ್ರ ಬೇರೆ ಹಲವು ಭಾಷೆಗಳಲ್ಲಿ ಓದಬಹುದು. ಅಷ್ಟೇ ಅಲ್ಲ, ಶಾಲೆಯಲ್ಲಿ ಆ ಭಾಷೆಗೆ ಉಪಾಧ್ಯಾಯರೇ ಇಲ್ಲದಿದ್ದರೂ, ಶಾಲೆಯ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿ ತಾನೇ ಓದಿಕೊಂಡು ಪರೀಕ್ಷೆ ಬರೆಯುವ ಅವಕಾಶವನ್ನೂ ನಿಯಮಗಳು ಕೊಡುತ್ತವೆ. ಇದು ಮೆಚ್ಚಬೇಕಾದ ಮಾತು. ಆದರೆ ಸಾಹಿತ್ಯವನ್ನು ತಾಯ್ನುಡಿಯಲ್ಲಿ ಓದುವುದು ಬೇರೆ, ಇತಿಹಾಸ ವಿಜ್ಞಾನಗಳನ್ನು ತಾಯ್ನುಡಿಯಲ್ಲಿ ಓದುವುದು ಬೇರೆ. ಎರಡನೆಯದನ್ನು ಸಾಧಿಸಿ ತೋರಿಸಿದವರು ಜಪಾನೀಯರು. 2013ರಲ್ಲಿ ಅವರ ಸರಕಾರ ಇಂಥ 200 ಶಾಲೆಗಳ ಗುರಿಯನ್ನಿಟ್ಟುಕೊಂಡಿತು. ಸುಮ್ಮನೆ ಪಾಠಕ್ರಮವನ್ನು ಕೊಂಡು ತರದೆ, ಹಲವು ವಿಷಯಗಳನ್ನು ಜಪಾನೀ ಭಾಷೆಯಲ್ಲಿಯೇ ಕಲಿಸಿ ಜಪಾನೀ ಭಾಷೆಯಲ್ಲಿಯೇ ಪರೀಕ್ಷಿಸುವ ಏರ್ಪಾಡನ್ನು ಜಿನೀವಾದ ಸಂಸ್ಥೆಯಿಂದ ಒಪ್ಪಿಸಿಕೊಂಡಿತು. ಎರಡು ವಿಷಯಗಳನ್ನಾದರೂ ಇಂಗ್ಲಿಷಿನಲ್ಲಿ ಬರೆಯಬೇಕೆಂಬ ಕಟ್ಟಳೆ ಉಳಿಯಿತು. ಅದು ನ್ಯಾಯವೇ ಎಂದು ತೋರುತ್ತದೆ.

ಮುಂದಿನ ಕಾಲವನ್ನು ಊಹಿಸುವ ಮೊದಲು ಈಚಿನ ಎರಡು ಸಂಕಟಗಳನ್ನು ಹೇಳಬೇಕು. 2020ರಲ್ಲಿ ಕೋವಿಡ್ ಬಂದು ಮೇ ತಿಂಗಳ ಪರೀಕ್ಷೆಗಳೆಲ್ಲ ರದ್ದಾದವು. ವರ್ಷದ ಮನೆಗೆಲಸ, ಅಧ್ಯಾಪಕರ ಅಂದಾಜು, ಶಾಲೆಯ ಹಿಂದಿನ ಫಲಿತಾಂಶಗಳು ಇವನ್ನೆಲ್ಲ ಒಂದು ಸೂತ್ರಕ್ಕೆ ಹಾಕಿ ಅಂಕ ಕೊಡಲಾಯಿತು. ತಮ್ಮ ಅಂಕವನ್ನು ತಮಗಿಂತ ಮುಂಚೆ ಓದಿ ಹೋದವರ ಅಂಕದಿಂದ ಅಳೆದರೆಂದು ಸಾವಿರಾರು ವಿದ್ಯಾರ್ಥಿಗಳು ಕೂಗೆಬ್ಬಿಸಿದರು; ಸಂಸ್ಥೆ ಕೆಲವನ್ನು ತಿದ್ದಬೇಕಾಯಿತು. 2024ರ ಮೇ ತಿಂಗಳಲ್ಲಿ ಇನ್ನೊಂದು. ಸೂರ್ಯ ಎಲ್ಲ ದೇಶಗಳಲ್ಲಿ ಒಟ್ಟಿಗೆ ಹುಟ್ಟುವುದಿಲ್ಲವಲ್ಲ. ಮೊದಲು ಬರೆದು ಹೊರಬಂದ ಕೆಲವರು ಗಣಿತದ ಪ್ರಶ್ನೆಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಿ, ಇನ್ನೂ ಬರೆಯಬೇಕಾಗಿದ್ದವರಿಗೆ ತಲುಪಿಸಿದರು. ಇಡೀ ಜಗತ್ತಿಗೆ ಒಂದೇ ಪರೀಕ್ಷೆಯೆಂಬ ಕಲ್ಪನೆಗೆ ಭೂಮಿಯ ತಿರುಗಾಟವೇ ಅಡ್ಡಿಯಾಯಿತೆನ್ನಬಹುದು.

ಇವುಗಳ ಜೊತೆಗೆ ಪ್ರಬಂಧ ಬರೆದುಕೊಡುವ ಯಂತ್ರ ಬಂದಿದೆ. 2023ರಲ್ಲಿ ಐ.ಬಿ. ಸಂಸ್ಥೆ ಅದನ್ನು ನಿಷೇಧಿಸುವುದಿಲ್ಲವೆಂದೂ, ಯಂತ್ರದಿಂದ ಪಡೆದುದನ್ನು ಪುಸ್ತಕದಿಂದ ಪಡೆದಂತೆಯೇ ಹೆಸರಿಸಿ ಹೇಳಬೇಕೆಂದೂ ಸಾರಿತು. ಉತ್ತರಗಳು ಇಷ್ಟು ಅಗ್ಗವಾದಾಗ ಬೆಲೆ ಏರುವುದು ಪ್ರಶ್ನೆಗೆ. ಆ ಪ್ರಶ್ನೆ ನಿನಗೆ ಏಕೆ ಹುಟ್ಟಿತು, ಬಂದ ಉತ್ತರವನ್ನು ಏಕೆ ನಂಬಿದೆ ಎಂಬ ಎದುರುಬದುರು ಮಾತಿಗೆ. ಮುಂದೆ ಮೂರು ಗಂಟೆಯ ಲಿಖಿತ ಪರೀಕ್ಷೆ ಕುಗ್ಗಿ, ಇಂಥ ಮೌಖಿಕ ಪರೀಕ್ಷೆ ಹಿಗ್ಗುವುದೆಂದು ನನ್ನ ಎಣಿಕೆ. ಸಮಯದ ವ್ಯತ್ಯಾಸದ ತೊಂದರೆಯೂ ಆಗ ತಾನಾಗಿಯೇ ಹೋಗುತ್ತದೆ.

2068ಕ್ಕೆ ಈ ಸಂಸ್ಥೆಗೆ ನೂರು ತುಂಬುತ್ತದೆ. ನಮ್ಮ ವಯಸ್ಸಿನವರು ಆಗ ಅರವತ್ತು ದಾಟಿರುತ್ತೇವೆ. ಆ ಹೊತ್ತಿಗೆ ಅದು ಎರಡರಲ್ಲಿ ಒಂದಾಗಿರಬಹುದು: ವಿಮಾನದಲ್ಲಿ ಓಡಾಡುವವರ ಮಕ್ಕಳ ಪರೀಕ್ಷೆಯಾಗಿಯೇ ಇನ್ನಷ್ಟು ಹೊಳಪುಗೊಂಡಿರಬಹುದು, ಇಲ್ಲವೆ ಎಲ್ಲಿಗೂ ಹೋಗದೆ ಇದ್ದಲ್ಲಿಯೇ ಇರುವವರ ಮಕ್ಕಳನ್ನೂ ತಲುಪಿರಬಹುದು. ಎರಡನೆಯದನ್ನು ನಾನು ಹೀಗೆ ಕಲ್ಪಿಸಿಕೊಳ್ಳುತ್ತೇನೆ. ಒಂದು ತಾಲ್ಲೂಕು ಕೇಂದ್ರದ ಸರಕಾರಿ ಪದವಿಪೂರ್ವ ಕಾಲೇಜು. ಫಲಕದ ಮೇಲೆ ಐ.ಬಿ. ಎಂದೇನೂ ಇಲ್ಲ, ವಂತಿಗೆಯೂ ಇಲ್ಲ. ರಾಜ್ಯದ ಪರೀಕ್ಷೆಯೊಳಗೇ ಒಂದು ಪ್ರಬಂಧ ಸೇರಿದೆ. ಹುಡುಗಿಯೊಬ್ಬಳು ತನ್ನ ಊರಿನ ಕೆರೆ ಯಾವಾಗ, ಏಕೆ ಒಣಗಿತೆಂಬ ಪ್ರಶ್ನೆಯನ್ನು ಹಾಕಿಕೊಂಡಿದ್ದಾಳೆ. ಗ್ರಾಮ ಲೆಕ್ಕಿಗರ ಕಚೇರಿಯ ಹಳೆಯ ದಾಖಲೆ, ಮುದುಕರ ನೆನಪು, ಮಳೆಯ ಅಂಕಿಅಂಶ, ಈ ಮೂರೂ ಒಂದಕ್ಕೊಂದು ಹೊಂದುತ್ತಿಲ್ಲ. ಯಾವುದನ್ನು ಎಷ್ಟು ನಂಬಬೇಕೆಂದು ಅವಳು ಕನ್ನಡದಲ್ಲಿ ಬರೆಯುತ್ತಿದ್ದಾಳೆ. ಅದೇ ವರ್ಷ ಈಕ್ವಡಾರಿನಲ್ಲಿ ಒಬ್ಬ, ಜಪಾನಿನಲ್ಲಿ ಒಬ್ಬಳು ತಂತಮ್ಮ ಭಾಷೆಯಲ್ಲಿ ತಂತಮ್ಮ ಊರಿನ ನೀರನ್ನು ಕುರಿತು ಬರೆದಿದ್ದಾರೆ. ಮೂರೂ ಪರಸ್ಪರ ಅನುವಾದಗೊಂಡು ಮೂವರ ಕೈಗೂ ಬಂದಿವೆ.

ಇದಕ್ಕೆ ಬೇಕಾದ ಕಾಗದ ಪೆನ್ನುಗಳು ನಮ್ಮಲ್ಲಿ ಈಗಲೇ ಇವೆ. ಇಲ್ಲದಿರುವುದು ತಿದ್ದುವವರು. ಮಾದರಿ ಉತ್ತರವಿಲ್ಲದ ಪ್ರಬಂಧಕ್ಕೆ ಅಂಕ ಕೊಡಬಲ್ಲ ಅಧ್ಯಾಪಕರು ಒಂದು ಜಿಲ್ಲೆಗೆ ನೂರಾರು ಮಂದಿ ಬೇಕು; ಒಂದು ಪ್ರಬಂಧವನ್ನು ಇಬ್ಬರು ಓದಿ, ಅವರ ಅಂಕಗಳಲ್ಲಿ ಅಂತರ ಹೆಚ್ಚಾದರೆ ಮೂರನೆಯವರು ಓದಬೇಕು. ಐ.ಬಿ. ಸಂಸ್ಥೆ ಇಂಥ ಪರೀಕ್ಷಕರ ತರಬೇತಿಗೂ ಅವರ ಅಂಕಗಳನ್ನು ಮತ್ತೆ ಪರೀಕ್ಷಿಸುವ ವ್ಯವಸ್ಥೆಗೂ ಹಣ ಖರ್ಚು ಮಾಡುತ್ತ ಬಂದಿದೆ. ಕರ್ನಾಟಕದಲ್ಲಿ ಆ ಪರೀಕ್ಷಕರು ಬರಬೇಕಾದುದು ಬಿ.ಎ. ತರಗತಿಗಳಿಂದ. ಆದರೆ ಈ ತರಗತಿಗಳಲ್ಲಿ ಕುಳಿತ ನಮ್ಮಲ್ಲಿ ಹೆಚ್ಚಿನವರು ತಾವೇ ಹಾಕಿಕೊಂಡ ಪ್ರಶ್ನೆಗೆ ನಾಲ್ಕು ಪುಟದ ಉತ್ತರವನ್ನೂ ಇನ್ನೂ ಬರೆದವರಲ್ಲ. ನಮ್ಮ ಕಾಲೇಜಿನ ಚರ್ಚಾಸಂಘ ಬರುವ ವರ್ಷದಿಂದ ಅಂಥ ಒಂದು ಪ್ರಬಂಧ ಸ್ಪರ್ಧೆಯನ್ನು, ವಿಷಯವನ್ನು ಮುಂದಾಗಿ ಕೊಡದೆ, ಏರ್ಪಡಿಸಬಹುದೆಂದು ಅಧ್ಯಾಪಕವೃಂದದವರಲ್ಲಿ ಸೂಚಿಸುತ್ತೇನೆ. ಬಹುಮಾನ ಪುಸ್ತಕವಾದರೂ ಸಾಕು.